ಹಸಿರು ಚುಕ್ಕೆಯ ರಿಜಿಸ್ಟರ್

4 ಜನವರಿ 2025, ಶನಿವಾರ. ಭಾತಂಬ್ರಾ

ನಿವೃತ್ತಿಯಾದಾಗ ಅಂಗನವಾಡಿಯಿಂದ ನನ್ನ ಜೊತೆ ಮನೆಗೆ ಬಂದದ್ದು ಎರಡೇ. ಒಂದು ಶಾಲು, ಇನ್ನೊಂದು ಬರೆಯದೆ ಉಳಿದಿದ್ದ ಈ ದಪ್ಪ ರಿಜಿಸ್ಟರ್. ಶಾಲು ಪೆಟ್ಟಿಗೆ ಸೇರಿತು. ರಿಜಿಸ್ಟರಿನಲ್ಲಿ ವರ್ಷದಿಂದ ನನ್ನ ದಿನಚರಿ ನಡೆದಿದೆ. ‘ಮಗುವಿನ ಹೆಸರು, ತೂಕ, ಷರಾ’ ಎಂದು ಅಚ್ಚಾದ ಕಲಂಗಳ ಮೇಲೆಯೇ ಬರೆಯುತ್ತೇನೆ. ಗೆರೆ ಕಂಡರೆ ಸಾಕು, ಅಕ್ಷರಗಳು ನೆಟ್ಟಗೆ ಬರುತ್ತವೆ. ಮೂವತ್ತೊಂದು ವರ್ಷದ ಚಟ.

ಇವತ್ತು ತವರಿನಲ್ಲಿ ಅಣ್ಣನ ಹೊಲದ ತೊಗರಿ ರಾಶಿ. ನಾನು, ನಮ್ಮ ಯಜಮಾನರು ಹಣಮಂತಪ್ಪ ನಿನ್ನೆಯೇ ಚಿಂತಾಕಿಯಿಂದ ಬಂದೆವು. ಕುರಿಗಳನ್ನು ಪಕ್ಕದ ಮನೆಯ ಕೈಲಾಶನಿಗೆ ಒಪ್ಪಿಸಿದೆವು. ಬರುವಾಗ ಇವರು ಒಂದೊಂದು ಕುರಿಯ ಮುಖ ನೋಡಿ ಮಾತಾಡಿಸಿ ಬಂದರು. ನನ್ನನ್ನು ಅಷ್ಟು ಹೊತ್ತು ನೋಡಿದ್ದು ನನಗಂತೂ ನೆನಪಿಲ್ಲ.

ಮಷೀನಿನ ಹೊಟ್ಟು ಹಾರುವ ಕಡೆಯೇ ಹೋಗಿ ನಿಂತಿದ್ದರು ಮಹಾನುಭಾವರು. ಬಲಗಣ್ಣಿಗೆ ಏನೋ ಹೊಕ್ಕಿತು. ಎಡಗಣ್ಣು ಸಣ್ಣವರಿದ್ದಾಗಲೇ ಟಗರು ಹಾಯ್ದು ಹೋಗಿದೆ, ಅದರಲ್ಲಿ ಹಗಲು ರಾತ್ರಿ ಬಿಟ್ಟರೆ ಏನೂ ತಿಳಿಯುವುದಿಲ್ಲ. ಇರುವುದೊಂದೇ ಕಣ್ಣು. “ಕಾಂತಾ, ಎಲ್ಲಿದ್ದಿ, ಜಲ್ದಿ ಬಾ” ಎಂದು ಕೂಗಿದರು.

ಈ ಊರಲ್ಲಿ ನಮ್ಮವ್ವ ಪುತಳಾಬಾಯಿಯ ನಾಲಿಗೆ ಹೆಸರುವಾಸಿ. ಯಾರ ಕಣ್ಣಲ್ಲಿ ಏನೇ ಬೀಳಲಿ, ರೆಪ್ಪೆ ಎತ್ತಿ ಹಿಡಿದು ನಾಲಿಗೆಯ ತುದಿ ಒಂದು ಸುತ್ತು ಆಡಿಸಿದಳೆಂದರೆ ಕಸ ಹೊರಗೆ. ಅವ್ವ ಹೋದಮೇಲೆ ಆ ವಿದ್ಯೆ ನನ್ನದು. ಚಿಂತಾಕಿಯ ಸುತ್ತಲಿನ ಮೂರು ಊರಿನವರು ನನ್ನ ಬಾಗಿಲಿಗೆ ಬರುತ್ತಾರೆ. ಇವರನ್ನು ಬೇವಿನ ಮರದ ಕೆಳಗೆ ಕೂಡಿಸಿ, ಹತ್ತು ಮಂದಿ ನೋಡುವಾಗಲೇ ತೆಗೆದೆ. ತೊಗರಿ ಸಿಪ್ಪೆಯ ಚೂರು, ಎಳ್ಳಿನಷ್ಟೂ ಇರಲಿಲ್ಲ. ಅಣ್ಣನ ಸೊಸೆ ಚಪ್ಪಾಳೆ ತಟ್ಟಿದಳು. ನನಗೆ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಎಡಗಡೆಯ ದವಡೆ ಹಲ್ಲು ಮತ್ತೆ ಜುಮುಜುಮು ಎನ್ನುತ್ತಿದೆ. ಲವಂಗ ಕಚ್ಚಿಕೊಂಡು ಬರೆಯುತ್ತಿದ್ದೇನೆ.

6 ಜನವರಿ, ಸೋಮವಾರ

ಇವರ ಕಣ್ಣು ಕೆಂಪಾಗಿ ನೀರು ಸುರಿಯುತ್ತಿದೆ. “ಊರಾಗ ಎಲ್ಲಾರಿಗೂ ಕಣ್ಣು ಬಂದಾವ, ಅದಕ್ಕ” ಎಂದೆ. “ಯಾರಿಗಿ ಬಂದಾವ, ಹೆಸರು ಹೇಳು” ಎಂದರು. ಹೆಸರು ಹೇಳಲು ಯಾರಿಗೂ ಬಂದಿರಲಿಲ್ಲ.

ನನ್ನ ಗಲ್ಲ ಬಾತಿದೆ. ಅಣ್ಣನ ಮನೆಯ ಹೋಳಿಗೆ ಬಲಗಡೆಯಿಂದಲೇ ತಿಂದೆ.

8 ಜನವರಿ, ಬುಧವಾರ. ಬೀದರ

ಬೆಳಿಗ್ಗೆ ಇವರ ಕರಿಗುಡ್ಡೆಯ ಮೇಲೆ ಒಂದು ಬಿಳಿ ಚುಕ್ಕೆ ಕಂಡಿತು. ಭಾಲ್ಕಿಯಲ್ಲಿ ಬಸ್ಸು ಬದಲಿಸಿ ಬೀದರದ ಕಣ್ಣಿನ ದವಾಖಾನೆಗೆ ಬಂದೆವು. ಡಾಕ್ಟರ್ ಆಯೆಶಾ ಅಂತ, ನಲವತ್ತರ ಹೆಣ್ಣುಮಗಳು. ಮಾತು ಮೆದು, ಪ್ರಶ್ನೆ ಮಾತ್ರ ಬಿಡುವುದಿಲ್ಲ. ಯಾವಾಗ ಬಿತ್ತು, ಏನು ಬಿತ್ತು, ಎಲ್ಲಿ ಬಿತ್ತು?

“ಕಣ್ಣಿಗಿ ಏನರೆ ಹಾಕೀರೇನ್ರಿ? ಎಲಿ ರಸ, ಹಾಲು, ಎಣ್ಣಿ?”

“ಏನೂ ಇಲ್ರಿ” ಎಂದೆ. ಇವರೂ ನನಗಿಂತ ಜೋರಾಗಿ “ಏನಂದ್ರ ಏನೂ ಇಲ್ರಿ” ಎಂದರು. ಅದು ನಿಜವೇ. ನಾವು ಹಾಕಿಲ್ಲ, ತೆಗೆದಿದ್ದೇವೆ.

ಆಮೇಲೆ ಫೋಟೋ ತೆಗೆಯುವ ಕೋಣೆಗೆ ಕಳಿಸಿದರು. ಅಲ್ಲಿ ಕಾಜಲ ಎಂಬ ಹುಡುಗಿ, ನಮ್ಮ ಔರಾದ ಕಡೆಯವಳೇ, ನನ್ನನ್ನು ಚಿಕ್ಕಮ್ಮನ ಹಾಗೆ ಮೌಶಿ ಎನ್ನುತ್ತಾಳೆ. ಇವರ ಗದ್ದವನ್ನು ಯಂತ್ರದ ಮೇಲೆ ಇಡಿಸಿ, ಬಣ್ಣ ಹಚ್ಚಿದ ಕಾಗದದ ಪಟ್ಟಿಯನ್ನು ಕಣ್ಣಿಗೆ ಸೋಕಿಸಿ, ನೀಲಿ ದೀಪ ಹಾಕಿದಳು. ಪಕ್ಕದ ಪರದೆಯ ಮೇಲೆ ಇವರ ಕಣ್ಣು ತಟ್ಟೆಯಷ್ಟು ದೊಡ್ಡದಾಗಿ ಬಂತು. ನಟ್ಟನಡುವಿಗಿಂತ ಸ್ವಲ್ಪ ಕೆಳಗೆ ಒಂದು ಹಸಿರು ಚುಕ್ಕೆ ಹೊಳೆಯುತ್ತಿತ್ತು.

“ಎಲ್ಲಿ ಮ್ಯಾಲಿನ ಚರ್ಮ ಹೋಗ್ಯಾದ ಅಲ್ಲಷ್ಟೇ ಹಸಿರು ಕಾಣ್ತದ ಮೌಶಿ. ಗಾಯ ಮಾಯ್ಕೋತ ಬಂದಂಗ ಹಸಿರು ಸಣ್ಣದಾಗ್ತದ. ಇವತ್ತ ಮೂರು ಮಿಲಿಮೀಟರ್ ಅದ.”

ಮತ್ತೊಂದು ಯಂತ್ರ ಇನ್ನೂ ವಿಚಿತ್ರದ್ದು. ಕಣ್ಣನ್ನು ಮುಟ್ಟುವುದೂ ಇಲ್ಲ, ಆದರೆ ಕಾರ್ನಿಯಾವನ್ನು ಅಡ್ಡ ಕೊಯ್ದು ನೋಡಿದಂತೆ ಚಿತ್ರ ಕೊಡುತ್ತದೆ. ಕಾರ್ನಿಯಾ ಎಂದರೆ ಕರಿಗುಡ್ಡೆಯ ಮೇಲಿನ ಗಾಜಿನಂಥ ಪರದೆ, ಅರ್ಧ ಮಿಲಿಮೀಟರ್ ದಪ್ಪ. ಅದರಲ್ಲಿ ಮೂರನೇ ಒಂದು ಪಾಲು ತಗ್ಗು ಬಿದ್ದಿದೆ. ನೋಡಿದರೆ ಥೇಟ್ ನಮ್ಮ ಔರಾದ ರಸ್ತೆ.

ಗಾಯದ ಅಂಚನ್ನು ಸ್ವಲ್ಪ ಕೆರೆದು ನೋಡಿ ಬೂಷ್ಟು ಹಿಡಿದಿದೆ ಎಂದರು. ಹೊಲದ ಕಸ ಬಿದ್ದರೆ ಹೀಗಾಗುತ್ತದಂತೆ. ನನಗೆ ಒಳಗೊಳಗೇ ಸಮಾಧಾನವಾಯಿತು. ಕಸದ ತಪ್ಪು, ನಾಲಿಗೆಯದಲ್ಲ. ಮೂರು ದಿನ ಇಲ್ಲೇ ಇರಬೇಕು, ತಾಸಿಗೊಂದು ಹನಿ.

9 ಜನವರಿ, ಗುರುವಾರ. ಬೀದರ

ಹನಿ ಹಾಕಲು ರಿಜಿಸ್ಟರಿನ ಹಿಂದಿನ ಹಾಳೆಗಳಲ್ಲಿ ಕಲಂ ಹಾಕಿದೆ. ವೇಳೆ, ಹನಿ, ಹಾಕಿದವರ ಸಹಿ. ನರ್ಸ್ ನೋಡಿ ನಕ್ಕಳು. ಸಂಜೆಗೆ ಪಕ್ಕದ ಹಾಸಿಗೆಯವರೂ ನನ್ನಿಂದಲೇ ಕಲಂ ಹಾಕಿಸಿಕೊಂಡರು.

ಇವರಿಗೆ ಚಿಂತೆ ಕುರಿಗಳದ್ದೇ. ಕಾರ್ಡು ತೋರಿಸಿ ಯಾವ ಕಡೆ ಗೀಟು ತೆರೆದಿದೆ ಎಂದು ಕೇಳುತ್ತಾರಲ್ಲ, ಅದರಲ್ಲಿ ಇವರಿಗೆ ಎಲ್ಲಕ್ಕಿಂತ ಮೇಲಿನ ದೊಡ್ಡ ಗೀಟೂ ತಿಳಿಯಲಿಲ್ಲ. ಡಾಕ್ಟರಿಗೆ ಹೇಳಿದರು: “ನಿಮ್ಮ ಗೀಟು ಕಾಣಲಿಲ್ಲಂದ್ರ ನಡೀತದರಿ. ನನ್ನ ಐವತ್ತೆಂಟು ಕುರಿ ಮಾರಿ ಒಂದೊಂದೂ ಗುರ್ತು ಸಿಗಬೇಕು. ಅದಾಗಲಿಲ್ಲಂದ್ರ ನಾ ಕುರಿಗಾರ ಹ್ಯಾಂಗ ಆದೆ?”

ಡಾಕ್ಟರ್ ನಗಲಿಲ್ಲ. ಚೀಟಿಯಲ್ಲಿ ಅದನ್ನೂ ಬರೆದುಕೊಂಡರು. ಅಂಥವರನ್ನು ಕಂಡರೆ ನನಗೆ ಗೌರವ.

11 ಜನವರಿ, ಶನಿವಾರ

ಎರಡನೆಯ ಫೋಟೋ. ಇವತ್ತೂ ಮೂರು ಮಿಲಿಮೀಟರ್. “ಬೂಷ್ಟಿನ ಗಾಯ ನಿಧಾನ ಮೌಶಿ, ಗಾಬರಿ ಆಗಬ್ಯಾಡ್ರಿ” ಎಂದಳು ಕಾಜಲ. ಪ್ರತಿ ಸಲವೂ ಅದೇ ದೂರ, ಅದೇ ಬೆಳಕು, ಅದೇ ಅಳತೆಯಲ್ಲಿ ತೆಗೆಯುತ್ತಾಳೆ. ಇಲ್ಲದಿದ್ದರೆ ನಿನ್ನೆಯದಕ್ಕೆ ಇವತ್ತಿನದನ್ನು ಹೋಲಿಸಲು ಬರುವುದಿಲ್ಲವಂತೆ. ನನಗೆ ಹಿಡಿಸಿತು. ಮಕ್ಕಳನ್ನು ತೂಗುವಾಗ ನಾನೂ ಸ್ವೆಟರ್ ಬಿಚ್ಚಿಸದೆ ತೂಗಿದವಳಲ್ಲ.

ಮಕ್ಕಳ ಬೆಳವಣಿಗೆ ನಕ್ಷೆಯ ಎರಡು ಹಾಳೆ ಈ ರಿಜಿಸ್ಟರಿಗೆ ಅಂಟಿಕೊಂಡೇ ಇವೆ. ಒಂದರಲ್ಲಿ ಎಂಟನೆಯ ತಾರೀಖಿನ ಚುಕ್ಕೆಯನ್ನೂ ಇವತ್ತಿನದನ್ನೂ ಹಸಿರು ಪೆನ್ಸಿಲಿನಿಂದ ಬರೆದೆ. ಮಕ್ಕಳದ್ದು ಮೇಲೇರಬೇಕು, ಇದು ಕೆಳಗಿಳಿಯಬೇಕು. ಅಷ್ಟೇ ವ್ಯತ್ಯಾಸ. ಮಧ್ಯಾಹ್ನ ಊರಿಗೆ ಕಳಿಸಿದರು.

14 ಜನವರಿ, ಮಂಗಳವಾರ. ಚಿಂತಾಕಿ

ಸಂಕ್ರಮಣ. ತಲೆಸ್ನಾನ ಇಲ್ಲ ಎಂದು ಇವರಿಗೆ ಕೋಪ. ಒಂದು ಕಣ್ಣಿನ ಮೇಲೆ ಪ್ಲಾಸ್ಟಿಕ್ ಮುಚ್ಚಳ, ಮತ್ತೊಂದು ಹೆಸರಿಗೆ ಮಾತ್ರ. ಅಂಗಳದಲ್ಲಿ ಕುಳಿತು, ಹೋಗುವ ಬರುವವರನ್ನು ಕೆಮ್ಮಿನಿಂದಲೇ ಗುರುತು ಹಿಡಿಯುತ್ತಾರೆ.

ಎದುರು ಮನೆಯ ಮುನವ್ವರ ಬೇಗಂ ಮೊಬೈಲಿನಲ್ಲಿ ತಾಸಿಗೊಮ್ಮೆ ಗಂಟೆ ಹೊಡೆಯುವ ಹಾಗೆ ಮಾಡಿಕೊಟ್ಟಳು. ಅದು ಬಾರಿಸಿದರೆ ಆಕೆಯೂ ಬಾಗಿಲಿಗೆ ಬಂದು “ಟೀಚರಬಾಯಿ, ಹನಿ!” ಎಂದು ಕೂಗುತ್ತಾಳೆ. ಇಡೀ ಓಣಿಗೆ ನಮ್ಮ ಹನಿಯ ವೇಳೆ ಗೊತ್ತು.

ಎಳ್ಳುಬೆಲ್ಲ ಅಗಿಯಲು ಆಗಲಿಲ್ಲ. ಹಲ್ಲಿನ ಬುಡದಿಂದ ಕೆಟ್ಟ ರುಚಿ ಬರುತ್ತಿದೆ.

15 ಜನವರಿ, ಬುಧವಾರ. ಬೀದರಕ್ಕೆ ಹೋಗಿ ಬಂದೆವು

ಕಾಜಲ ಫೋಟೋ ತೆಗೆದಳು. ಮತ್ತೊಂದು ಸಲ ತೆಗೆದಳು. ನಾನು ಪರದೆ ನೋಡಿದೆ. ಚುಕ್ಕೆ ಒಂದು ಕಡೆಗೆ ಬಾಲ ಬಿಟ್ಟಿತ್ತು. “ಎಷ್ಟವ್ವಾ?” ಎಂದೆ. “ಮೂರೂವರಿ ಮೇಲಾಗ್ಯಾದ ಮೌಶಿ.”

ಡಾಕ್ಟರ್ ಮೂರೂ ಫೋಟೋಗಳನ್ನು ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಹನಿ ತಪ್ಪಿಸಿದಿರಾ ಎಂದರು. ನನ್ನ ಸಹಿಯ ಹಾಳೆ ತೋರಿಸಿದೆ. ಮತ್ತೆ ಅದೇ ಪ್ರಶ್ನೆ: “ಖುಲ್ಲಾ ಹೇಳ್ರಿ ಅಮ್ಮಾ, ಕಣ್ಣಿಗಿ ಬ್ಯಾರೆ ಏನರೆ ತಾಕ್ಯಾದೇನು?”

ನಾನು ಬಾಯಿ ತೆರೆಯುವ ಮೊದಲೇ ಇವರು “ಏನೂ ಇಲ್ರಿ ಮೇಡಂ” ಎಂದರು. ನಾನು ಬಾಯಿ ಮುಚ್ಚಿಕೊಂಡೆ.

ಶುಕ್ರವಾರ ಮತ್ತೆ ಬಂದು ತೋರಿಸಬೇಕು, ಅಷ್ಟರಲ್ಲಿ ಗಾಯ ಇಳಿಯದಿದ್ದರೆ ಹೈದರಾಬಾದಿಗೆ ಕಳಿಸುತ್ತಾರಂತೆ. ಗಾಯ ನಡುವಿಗೆ ಬಂದರೆ ಬೇರೆಯವರು ದಾನ ಕೊಟ್ಟ ಕಾರ್ನಿಯಾ ಹಾಕಬೇಕಾದೀತು, ಅದು ಕೂಡಿದರೆ ಕೂಡಿತು, ಇಲ್ಲದಿದ್ದರೆ ಇಲ್ಲ. ಬಸ್ಸಿನಲ್ಲಿ ಇವರು ಒಂದೇ ಮಾತಾಡಿದರು: “ಕುರಿ ಕೈಲಾಶನಿಗೇ ಕೊಟ್ಟಬಿಡೂಣೇನು?”

ಈಗ ಸಂಜೆ. ಮೂರು ಹಸಿರು ಚುಕ್ಕೆಗಳ ಹಾಳೆ ಮುಂದಿಟ್ಟುಕೊಂಡು ಕುಳಿತಿದ್ದೇನೆ. ಗೆರೆ ಮೇಲೇರಿದೆ.

ಒಂದು ಸಲ, ಇಪ್ಪತ್ತೈದು ವರ್ಷದ ಹಿಂದೆ, ಒಂದು ಕೂಸಿನ ತೂಕವನ್ನು ನಾನು ತಪ್ಪು ಬರೆದಿದ್ದೆ. ಸೂಪರ್‌ವೈಸರ್ ಬರುವ ದಿನ ನಕ್ಷೆಯಲ್ಲಿ ತೂಕ ಕಡಿಮೆಯ ಹಳದಿ ಪಟ್ಟಿಯಲ್ಲಿ ಇರಬೇಕಾದ ಕೂಸನ್ನು ಹಸಿರಿಗೆ ಏರಿಸಿಬಿಟ್ಟೆ. ಮೂರು ನೂರು ಗ್ರಾಂ ಅಷ್ಟೇ. ತಿಂಗಳಾದಮೇಲೆ ಅದನ್ನು ಔರಾದ ದವಾಖಾನೆಗೆ ಎತ್ತಿಕೊಂಡು ಓಡಿದವಳೂ ನಾನೇ. ಬದುಕಿತು, ಈಗ ಎರಡು ಮಕ್ಕಳ ತಾಯಿ. ಆದರೂ ಆಕೆ ಎದುರಾದರೆ ನಾನು ಮೊದಲು ನೆಲ ನೋಡುತ್ತೇನೆ. ಇದನ್ನು ಈ ರಿಜಿಸ್ಟರಿಗೆ ಬಿಟ್ಟು ಯಾರಿಗೂ ಹೇಳಿಲ್ಲ.

ಹಲ್ಲಿನ ಬುಡ ಒತ್ತಿ ನೋಡಿದೆ. ಕೀವು ಬಂತು.

16 ಜನವರಿ, ಗುರುವಾರ

ಮೊದಲ ಬಸ್ಸಿಗೇ ಇವರನ್ನು ಹೊರಡಿಸಿದೆ. “ನಾಳಿಗಿ ಅಂದಾರ, ಇವತ್ತ ಯಾಕ?” ಎಂದರು. “ಸುಮ್ಮ ನಡೀರಿ” ಎಂದೆ. ಔರಾದ ಬಂತು, ಸಂತಪುರ ಬಂತು, ನಾನು ತುಟಿ ಬಿಚ್ಚಲಿಲ್ಲ. ನಾನು ಅಷ್ಟು ಹೊತ್ತು ಸುಮ್ಮನಿದ್ದದ್ದು ನೋಡಿ ಇವರಿಗೆ ಹೆದರಿಕೆಯಾಗಿ “ಹಲ್ಲು ಭಾಳ ಬ್ಯಾನಿ ಆಗ್ಯಾದೇನು?” ಎಂದು ಕೇಳಿದರು.

ಡಾಕ್ಟರ್ ಎದುರು ನಿಂತುಕೊಂಡೇ ಹೇಳಿದೆ. “ಮೇಡಂ, ನಾ ನಿಮಗ ಸುಳ್ಳು ಹೇಳೀನ್ರಿ. ಕಣ್ಣಾಗಿನ ಕಸ ನಾನೇ ತಗದೀನಿ. ನಾಲಿಗಿಲಿಂದ.”

ಇವರು ಕುರ್ಚಿಯಿಂದ ಎದ್ದೇಬಿಟ್ಟರು. “ಸುಳ್ಳರಿ! ಆಕಿ ಏನೂ ಮಾಡಿಲ್ಲ. ಕಸ ತಾನೇ ಬಿತ್ತರಿ!”

“ಹತ್ತು ಮಂದಿ ನೋಡ್ಯಾರ, ಕೂಡ್ರಿ ಸುಮ್ಮ.”

“ಯಾರೂ ನೋಡಿಲ್ರಿ ಮೇಡಂ. ಆಕಿ ಅಂಗನವಾಡಿ ಟೀಚರ್ ಇದ್ದಳು, ಆಕಿಗಿ ಇಂಥಾವು ಎಲ್ಲಾ ಗೊತ್ತದ. ಆಕಿ ಹಂಗ ಮಾಡಂಗಿಲ್ಲ.”

“ಮಾಡೀನಿ ಅಂತ ನಾನೇ ಹೇಳ್ಲತ್ತೀನಲ್ರೀ!”

“ನಿನಗ ನೆನಪಿಲ್ಲ!”

ಕಾಜಲ ಬಾಗಿಲಲ್ಲಿ ನಿಂತು ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಡಾಕ್ಟರ್ ಇಬ್ಬರನ್ನೂ ನೋಡಿ ಟಾರ್ಚ್ ಎತ್ತಿಕೊಂಡರು. “ಅಮ್ಮಾ, ಬಾಯಿ ತೆರೀರಿ” ಎಂದರು. ಕಣ್ಣಿನ ಡಾಕ್ಟರಿಗೆ ಬಾಯಿ ತೋರಿಸಿದವಳು ಬೀದರ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

“ಈ ಹಲ್ಲು ಎಂದಿಲಿಂದ ಹಿಂಗ ಅದ?”

“ರಾಶಿಗಿಂತ ಮೊದಲಿಂದರಿ.”

ಈಗ ಎಲ್ಲ ತಾಳೆಯಾಯಿತು ಎಂಬಂತೆ ತಲೆಯಾಡಿಸಿದರು. ಬೂಷ್ಟು ಕಸದಿಂದ ಬಂದದ್ದು ಹೌದು, ಆದರೆ ಬಾಯಿಯಿಂದ ಬೇರೆ ಕ್ರಿಮಿಯೂ ಹೊಕ್ಕಿರಬಹುದು. ಬೂಷ್ಟಿನ ಔಷಧ ಅದನ್ನು ಮುಟ್ಟುವುದೇ ಇಲ್ಲ. ಮತ್ತೆ ಕೆರೆದು ನೋಡಿದರು. ಇನ್ನೊಂದು ಹನಿ ಬರೆದು, ಹೈದರಾಬಾದಿನ ಮಾತು ಸೋಮವಾರದವರೆಗೆ ಇರಲಿ ಎಂದರು. “ನೀವು ಇದು ಹೇಳ್ಲಿಕ್ಕಿ ಒಂದು ದಿನ ಮೊದಲೇ ಬಂದೀರಿ. ಆ ಒಂದು ದಿನ ಭಾಳ ದೊಡ್ಡದು” ಎಂದರು. ಬೈಯುತ್ತಾರೆಂದು ಗಟ್ಟಿಯಾಗಿ ಹೋಗಿದ್ದೆ. ಬೈಯಲಿಲ್ಲ, ಅದಕ್ಕೇ ಅಳು ಬಂದುಬಿಟ್ಟಿತು. ಅತ್ತರೆ ಹಲ್ಲು ಇನ್ನೂ ನೋಯುತ್ತದೆ.

ಹೊರಗೆ ಬೆಂಚಿನ ಮೇಲೆ ಕುಳಿತಾಗ ಇವರನ್ನು ಕೇಳಿದೆ, ಯಾಕೆ ಸುಳ್ಳು ಹೇಳಿದಿರಿ ಎಂದು.

“ಮೂರು ಊರಿನ ಮಂದಿ ನಿನ್ನ ಬಾಗಿಲಿಗಿ ಬರ್ತಾರ. ನನ್ನ ಸಲುವಾಗಿ ಅದು ಯಾಕ ಹೋಗಬೇಕು?” ಎಂದರು. ಇರುವ ಒಂದು ಕಣ್ಣನ್ನು ನನ್ನ ಹೆಸರಿಗೆ ಒತ್ತೆ ಇಟ್ಟಿದ್ದರು ಈ ಮನುಷ್ಯ. ನನಗೆ ಸಿಟ್ಟೂ ಬಂತು, ಪ್ರೀತಿಯೂ ಬಂತು. ಸಿಟ್ಟನ್ನು ಅಲ್ಲಿಯೇ ತೋರಿಸಿದೆ.

20 ಜನವರಿ, ಸೋಮವಾರ

ಮೂರು! ಮತ್ತೆ ಮೂರಕ್ಕೆ ಬಂತು! ಬಾಲ ಒಣಗಿದೆ. ಕಾಜಲ ಪರದೆ ನನ್ನ ಕಡೆ ತಿರುಗಿಸಿ “ನೋಡ್ರಿ ಮೌಶಿ” ಎಂದಳು. ನಾನು ಆಕೆಯ ಗಲ್ಲ ಹಿಂಡಿದೆ.

ಅದೇ ಖುಷಿಯಲ್ಲಿ ಹಲ್ಲಿನ ದವಾಖಾನೆಗೆ ಹೋಗಿ ದವಡೆ ಹಲ್ಲು ಕೀಳಿಸಿಕೊಂಡೆ. ಇವರು ಹೊರಗೆ ಕುಳಿತು, ನನ್ನ ಕೂಗು ಕೇಳಿ, ಪಕ್ಕದವರಿಗೆ “ನಮ್ಮಾಕಿ ರೀ” ಎಂದು ಪರಿಚಯ ಮಾಡಿಕೊಟ್ಟರಂತೆ.

27 ಜನವರಿ, ಸೋಮವಾರ

ಎರಡೂಕಾಲು ಮಿಲಿಮೀಟರ್. ಗಾಯ ಹೇಗೆ ಮಾಯುತ್ತದೆ ಎಂದು ಕಾಜಲ ಇವತ್ತು ತಿಳಿಸಿ ಹೇಳಿದಳು. ಮೇಲಿನ ಪದರ ಅಂಚಿನಿಂದ ನಡುವಿಗೆ ತೆವಳುತ್ತಾ ಬರುತ್ತದೆ, ಸುತ್ತಲಿಂದಲೂ. ಆಮೇಲೆ ಕೆಳಗಿನ ತಗ್ಗು ನಿಧಾನವಾಗಿ ತುಂಬಿಕೊಳ್ಳುತ್ತದೆ. ಅಡ್ಡ ಕೊಯ್ದ ಹಾಗಿನ ಚಿತ್ರದಲ್ಲಿ ತಗ್ಗಿನ ದಂಡೆ ಇಳಿಜಾರಾಗಿದ್ದು ನನಗೇ ಕಂಡಿತು. ನಮ್ಮ ರಸ್ತೆಯವರನ್ನು ಒಂದು ಸಲ ಕರೆತಂದು ಇದನ್ನು ತೋರಿಸಬೇಕು ಎಂದೆ. ಸಾಲಿನಲ್ಲಿ ಕುಳಿತವರೆಲ್ಲ ನಕ್ಕರು.

ಇವರಿಗೆ ಈಗ ನನ್ನ ಸೀರೆಯ ಬಣ್ಣ ತಿಳಿಯುತ್ತದೆ. ಅಂಚು ತಿಳಿಯುವುದಿಲ್ಲ.

3 ಫೆಬ್ರುವರಿ, ಸೋಮವಾರ

ಒಂದೂವರೆ. ಹನಿ ಈಗ ದಿನಕ್ಕೆ ಆರೇ ಸಲ. ಹಾಗಾದರೆ ಕುರಿ ನಾನೇ ಕಾಯುತ್ತೇನೆ ಎಂದು ಕೈಲಾಶನಿಗೆ ಹೇಳಿದೆ. ಪಾಪ, ಒಂದು ತಿಂಗಳು ತನ್ನ ಹಿಂಡಿನ ಜೊತೆ ನಮ್ಮದನ್ನೂ ಹೊಡೆದುಕೊಂಡು ತಿರುಗಿದ್ದಾನೆ. ಇಪ್ಪತ್ತೈದು ವರ್ಷ ಲಾರಿ ನಡೆಸಿ, ಹೋದ ದೀಪಾವಳಿಗೆ ಸಂತೆಯಿಂದ ಕುರಿ ತಂದವನು. ಅವನಿಗೆ ಕುರಿಯ ಮುಂದೆ ಯಾವುದು ಹಿಂದೆ ಯಾವುದು ಅಷ್ಟೇ ಗೊತ್ತು.

ಉಣ್ಣೆ ಕತ್ತರಿಸಿದ್ದರಿಂದ ಗುರುತಿನ ಬಣ್ಣ ಹೋಗಿತ್ತು. “ವೈನಿ, ಅಣ್ಣಗ ಕಾಣತನಕ ತಡೀರಿ, ಅವರೇ ಬ್ಯಾರೆ ಮಾಡ್ಲಿ” ಎಂದ. ನನಗೆ ಕೆರಳಿತು. ಮೂವತ್ತೊಂದು ವರ್ಷ ಹಾಜರಿ ಹಾಕಿದವಳಿಗೆ ಇದೇನು ದೊಡ್ಡ ಕೆಲಸ? ನಿಂತು ಒಂದೊಂದನ್ನೇ ನೋಡಿ ಬೇರೆ ಮಾಡಿದೆ. ಎಣಿಸಿದರೆ ಸರಿಯಾಗಿ ಐವತ್ತೆಂಟು. ಎರಡು ಸಲ ಎಣಿಸಿದೆ.

ಕುರಿ: 58. ಎಣಿಸಿದವರು: ಕಾಂತಾಬಾಯಿ.

10 ಫೆಬ್ರುವರಿ, ಸೋಮವಾರ

ಒಂದು ಮಿಲಿಮೀಟರಿಗಿಂತ ಕಡಿಮೆ.

ಕುರಿ ಕಾಯುವುದು ಮಕ್ಕಳನ್ನು ಕಾಯ್ದ ಹಾಗೆಯೇ, ಖಿಚಡಿ ಬಡಿಸುವ ತೊಂದರೆ ಇಲ್ಲ ಅಷ್ಟೇ. ಆದರೆ ಶಾಣಿಯ ಚಿಂತೆ ಹತ್ತಿದೆ. ಎಲ್ಲಕ್ಕೂ ಕೊನೆಗೆ ನಿಂತು, ದಾರಿ ನೋಡಿ, ಆಮೇಲೆ ಹೆಜ್ಜೆ ಇಡುವ ಕುರಿ ಅದು, ಅದಕ್ಕೇ ಇವರು ಜಾಣೆ ಎಂಬರ್ಥದ ಆ ಹೆಸರು ಇಟ್ಟಿದ್ದಾರೆ. ಈಗ ಕರೆದರೆ ತಿರುಗಿ ನೋಡುವುದಿಲ್ಲ. ಎಲ್ಲಕ್ಕಿಂತ ಮುಂದೆ ನುಗ್ಗುತ್ತದೆ, ನನ್ನ ಕೈಯಿಂದ ರೊಟ್ಟಿಯನ್ನೂ ತಿನ್ನುವುದಿಲ್ಲ. ಯಜಮಾನರಿಗೆ ಹೀಗಾಯಿತಲ್ಲ ಎಂದು ಮನಸ್ಸಿಗೆ ಹಚ್ಚಿಕೊಂಡಿದೆ, ಮೂಕ ಪ್ರಾಣಿ. ಅದಕ್ಕೆ ದಿನಾ ಒಂದು ಹಿಡಿ ಕಡಲೆ ಬೇರೆಯಾಗಿ ಕೊಡುತ್ತಿದ್ದೇನೆ.

ಇವರಿಗೆ ಹೇಳಲಿಲ್ಲ. ಸುಮ್ಮನೆ ನೊಂದುಕೊಳ್ಳುತ್ತಾರೆ.

ಕುರಿ: 58.

24 ಫೆಬ್ರುವರಿ, ಸೋಮವಾರ

ಹಸಿರು ಇಲ್ಲ. ಇಲ್ಲವೇ ಇಲ್ಲ. ಕಾಜಲ ಬಣ್ಣ ಸೋಕಿಸಿ ನೀಲಿ ದೀಪ ಹಾಕಿದರೆ ಇಡೀ ಕಣ್ಣು ತಿಳಿನೀಲಿ. ನಾನು ನಂಬದೆ ಮತ್ತೊಂದು ಸಲ ಹಾಕಿಸಿದೆ. ಅಡ್ಡ ಚಿತ್ರದಲ್ಲಿ ತಗ್ಗು ತುಂಬಿದೆ, ಮೇಲೆ ಮಾತ್ರ ಒಂದು ಬಿಳಿ ಗೆರೆ. ಅದು ಕಲೆ, ಹೋಗುವುದಿಲ್ಲ. ಆದರೆ ನಡುವಿನಿಂದ ಕೆಳಗೆ ಸರಿದಿರುವುದರಿಂದ ನೋಟಕ್ಕೆ ಅಷ್ಟು ಅಡ್ಡ ಬರುವುದಿಲ್ಲವಂತೆ. ನಕ್ಷೆಯ ಹಾಳೆಯಲ್ಲಿ ಸೊನ್ನೆ ಬರೆದೆ. ನನ್ನ ಜನ್ಮದಲ್ಲಿ ಬೆಳವಣಿಗೆ ನಕ್ಷೆಯಲ್ಲಿ ಸೊನ್ನೆ ಬರೆದು ಕುಣಿದದ್ದು ಇದೇ ಮೊದಲು.

ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಮುನವ್ವರ ಬೇಗಂ ಕಣ್ಣು ಮುಚ್ಚಿಕೊಂಡೇ ಓಡಿಬಂದಳು. “ಟೀಚರಬಾಯಿ, ಜರಾ ನಾಲಿಗಿ ಹಾಕ್ರಿ, ಜ್ವಾಳಾ ಹಸನ ಮಾಡೂವಾಗ ಕಣ್ಣಾಗ ಏನೋ ಬಿತ್ತು!” ಕುಡಿಯುವ ನೀರಿನ ಪಾತ್ರೆಯಲ್ಲಿ ಮುಖ ಮುಳುಗಿಸಿ ಕಣ್ಣು ಪಿಳುಕಿಸು ಎಂದೆ. ಎರಡು ಸಲ ಮುಳುಗಿಸಿದಳು, ಧೂಳು ಹೋಯಿತು. ಆದರೂ ಸಂಜೆಯೊಳಗೆ ಕೆಂಪಾದರೆ ನಾಳೆ ಮೊದಲ ಬಸ್ಸಿಗೆ ಬೀದರಕ್ಕೆ ನಡಿ, ನಾನೇ ಬರುತ್ತೇನೆ ಎಂದೆ. ಆಕೆಗೆ ಬೇಸರವಾಯಿತು. ನಾಲಿಗೆ ಆಡಿಸಬಹುದಿತ್ತು, ಹಲ್ಲು ಕಿತ್ತ ಜಾಗ ಇನ್ನೂ ಪೂರ್ತಿ ಕೂಡಿಲ್ಲ, ಅದಕ್ಕೇ ಬೇಡ ಎಂದೆ. ಅಷ್ಟೇ, ಬೇರೆ ಏನಿಲ್ಲ.

ಎರಡು ಸ್ಟೀಲ್ ಬೋಗುಣಿ ಕೊಳ್ಳಬೇಕು, ಕಾಯಿಸಿ ಆರಿಸಿದ ನೀರು ಯಾವಾಗಲೂ ತುಂಬಿಡಲು.

10 ಮಾರ್ಚ್, ಸೋಮವಾರ. ಬೀದರ

ಕೊನೆಯ ಫೋಟೋ. ಕಾಜಲ ಜನವರಿ ಎಂಟರದ್ದನ್ನೂ ಇವತ್ತಿನದನ್ನೂ ಪಕ್ಕಪಕ್ಕ ಇಟ್ಟು ಒಂದೇ ಕಾಗದದ ಮೇಲೆ ಅಚ್ಚು ಹಾಕಿಸಿಕೊಟ್ಟಳು. ಇಲ್ಲಿ ಅಂಟಿಸಿದ್ದೇನೆ. ಎಡಗಡೆ ಹಸಿರು, ಬಲಗಡೆ ಅಕ್ಕಿಯ ನುಚ್ಚಿನಷ್ಟು ಬಿಳಿ.

ಇವರ ಕಣ್ಣಿಗೆ ಚಷ್ಮಾ ಬಂದಿದೆ. ಗೀಟಿನ ಬೋರ್ಡಿನಲ್ಲಿ ಕೆಳಗಿನಿಂದ ಮೂರನೆಯ ಸಾಲಿನವರೆಗೆ ಹೇಳಿದರು. ಡಾಕ್ಟರ್ ಬೆನ್ನು ತಟ್ಟಿದರೂ ಇವರ ಮುಖದಲ್ಲಿ ಗೆಲುವಿಲ್ಲ. “ಬೋರ್ಡಿನ್ಯಾಗ ನಾಕೇ ದಿಕ್ಕು ಅವರಿ ಮೇಡಂ. ಕುರಿದು ಹಂಗಲ್ಲ.” ಡಾಕ್ಟರ್ ಹಳೆಯ ಚೀಟಿ ತೆಗೆದು ತೋರಿಸಿದರು, ಐವತ್ತೆಂಟು ಕುರಿ ಎಂದು ಬರೆದದ್ದು ಹಾಗೇ ಇತ್ತು. “ಹಂಗಾದ್ರ ಕೊನೀ ಪರೀಕ್ಷಾ ನಿಮ್ಮ ಮನ್ಯಾಗೇ ಮಾಡ್ಕೋರಿ. ಫಲಿತಾಂಶ ಫೋನ್ ಮಾಡಿ ಹೇಳ್ರಿ” ಎಂದರು.

ಬಸ್ಸಿನಲ್ಲಿ ಇವರು ಕಿಟಕಿಯ ಹೊರಗೇ ನೋಡುತ್ತಿದ್ದರು. ಒಂದು ಕಡೆ ಕುರಿ ಹಿಂಡು ಕಂಡು ತಟಕ್ಕನೆ ಮುಖ ತಿರುಗಿಸಿದರು. ಹೆದರಿದ್ದಾರೆ. ನನಗೂ ಹೆದರಿಕೆ.

11 ಮಾರ್ಚ್, ಮಂಗಳವಾರ. ಚಿಂತಾಕಿ

ಬೆಳಿಗ್ಗೆ ಚಹಾ ಕೂಡ ಕುಡಿಯದೆ ಹಟ್ಟಿಯ ಬಾಗಿಲಿಗೆ ಹೋಗಿ ನಿಂತರು. ಚಷ್ಮಾ ಒರೆಸಿಕೊಂಡರು. “ಬಿಡು ಒಂದೊಂದೇ” ಎಂದರು. ನಾನು ತಡಿಕೆ ಸರಿಸಿ ಒಂದೊಂದನ್ನೇ ಹೊರಗೆ ಬಿಟ್ಟೆ.

ಮೊದಲನೆಯದು ಹೊರಗೆ ಬಂತು. ಕುರಿ ಇವರನ್ನು ನೋಡಿತು, ಇವರು ಕುರಿಯನ್ನು ನೋಡಿದರು. ಆಮೇಲೆ ಮೆಲ್ಲಗೆ “ಗೌರಿ” ಎಂದರು. ಮುಂದಿನದಕ್ಕೆ “ಮೋಟಕಿವಿ.” ಅದರ ಮುಂದಿನದಕ್ಕೆ “ಜಗಳಗಂಟಿ, ಸೊರಗಿದಿಯಲ್ಲ ನೀನು.” ದನಿ ಏರುತ್ತಾ ಹೋಯಿತು. ಇಪ್ಪತ್ತು, ಮೂವತ್ತು, ನಲವತ್ತು. ಯಾವುದರ ಕಾಲು ಕುಂಟುತ್ತದೆ, ಯಾವುದಕ್ಕೆ ಗಬ್ಬ ನಿಂತಿದೆ, ಎಲ್ಲ ಹೇಳಿದರು. ನನಗೆ ಕಣ್ಣು ತುಂಬಿ ಕುರಿಗಳೇ ಮಸಕಾಗಿ ಕಂಡವು.

ಐವತ್ಮೂರನೆಯದು ನನ್ನ ಕಾಲ ನಡುವಿನಿಂದ ನುಗ್ಗಿಕೊಂಡು ಬಂತು. “ನಮ್ಮ ಶಾಣಿ ನೋಡ್ರಿ, ನಿಮ್ಮ ಚಿಂತಿಗಿ ಹೆಂಗಾಗ್ಯಾದ” ಎಂದೆ.

ಇವರು ಬಗ್ಗಿದರು. ಮತ್ತೆ ಬಗ್ಗಿದರು. ಗುರುತು ಸಿಗಲಿಲ್ಲ, ಕಲೆ ಅಡ್ಡ ಬಂತು, ಎಲ್ಲ ಮುಗಿಯಿತು ಎಂದುಕೊಂಡೆ.

“ಇದು ಶಾಣಿ ಅಲ್ಲ.”

“ಸರಿ ನೋಡ್ರಿ. ಶಾಣೀನೇ ಅದು.”

“ಏ ಟೀಚರಬಾಯಿ, ಇದು ನಮ್ಮ ಕುರೀನೇ ಅಲ್ಲ! ಇದರ ಮೂಗು ನೋಡು, ಮಾರಿಮ್ಯಾಲಿನ ಸೊಕ್ಕು ನೋಡು. ಯಾರ ಕುರಿ ತಂದು ಕಟ್ಟೀದಿ?”

ಎಣಿಕೆ ಸರಿ ಇದೆ, ಐವತ್ತೆಂಟು ಎಂದು ರಿಜಿಸ್ಟರ್ ತರಲು ಹೊರಟೆ. ಆಗಲೇ ಕೈಲಾಶ ತನ್ನ ಹಿಂಡನ್ನು ರಸ್ತೆಗೆ ಹೊಡೆದ. ನಮ್ಮ ಹಟ್ಟಿಗೂ ರಸ್ತೆಗೂ ಇಪ್ಪತ್ತು ಮಾರು. ಇವರು ಅಲ್ಲಿಂದಲೇ ಕೈ ಚಾಚಿದರು. “ಅಗೋ! ಎಲ್ಲಕ್ಕೂ ಹಿಂದ ನಿಂತಾಳ ನೋಡು, ದಾರಿ ನೋಡ್ಕೋತ. ಶಾಣೀ!”

ಹಿಂಡಿನ ಕೊನೆಯ ಕುರಿ ತಲೆಯೆತ್ತಿತು. ಓಡಲಿಲ್ಲ, ಅದು ಓಡುವುದೇ ಇಲ್ಲ. ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ರಸ್ತೆ ದಾಟಿ, ನೆಟ್ಟಗೆ ಬಂದು ಇವರ ಮೊಣಕಾಲಿಗೆ ಹಣೆ ಒತ್ತಿತು.

ಒಂದು ತಿಂಗಳ ಮೇಲಾಯಿತು, ನಾನು ಕೈಲಾಶನ ಕುರಿಗೆ ಕಡಲೆ ತಿನ್ನಿಸಿದ್ದೇನೆ. ಅದರ ದುಃಖ ನೋಡಿ ನಾನೂ ದುಃಖಪಟ್ಟಿದ್ದೇನೆ. ಕೈಲಾಶ ರಸ್ತೆಯಲ್ಲಿ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕು, ತನ್ನ ಕುರಿ ಹೊಡೆದುಕೊಂಡು ಹೋದ; ಉಳಿದ ಐದೂ ನಮ್ಮವೇ. ಮುನವ್ವರ ಬೇಗಂ ಓಣಿಗೆಲ್ಲ ಸುದ್ದಿ ಮುಟ್ಟಿಸಿದಳು. ಇವರು ಮಧ್ಯಾಹ್ನದವರೆಗೂ ಬೈದರು. ಹಾಜರಿ ಹಾಕಿದ್ದೇ ಬಂತು, ಮಾರಿ ನೋಡಿ ಗೊತ್ತಿಲ್ಲ, ಇದ್ದ ಶಾಣ್ಯಾ ಕುರಿಯನ್ನೇ ಕೊಟ್ಟುಬಿಟ್ಟಿ, ನಿನ್ನ ಕೈಗೆ ಹಿಂಡು ಸಿಕ್ಕರೆ ಮುಗಿಯಿತು ಎಂದು. ನಾನು ಒಂದೇ ಒಂದು ಎದುರು ಮಾತು ಆಡಲಿಲ್ಲ. ಬೈಯಲಿ, ಇನ್ನೂ ಬೈಯಲಿ ಎಂದುಕೊಂಡು ಬಿಸಿ ರೊಟ್ಟಿ ಬಡಿಯುತ್ತಾ ಕುಳಿತೆ. ಇಷ್ಟು ದೊಡ್ಡ ತಪ್ಪು ಮಾಡಿ ಇಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ.

ಡಾಕ್ಟರಿಗೆ ಫೋನ್ ಮಾಡಿ ಎಲ್ಲ ಹೇಳಿದೆ, ನನ್ನ ತಪ್ಪನ್ನೂ ಸೇರಿಸಿ.

ಕುರಿ: 58. ಎಣಿಸಿದವರು: ಹಣಮಂತಪ್ಪ, ಸ್ವತಃ ಕಣ್ಣಾರೆ ನೋಡಿ.